ಹಾರ ಹಾಕಿದವರ ಆಲ್ಬಂ

“ಅಳಿಸಿಬಿಟ್ಟೀನ್ರೀ ಮೇಡಂ. ನಾಗರಾಜಣ್ಣಾರ ಕಣ್ಣೆದುರಿಗೇ ಅಳಿಸೀನಿ. ಇನ್ನ ಈ ಕಂಪ್ಯೂಟರ್ ಬಿಚ್ಚಿ ಹರಡಿದ್ರೂ ಆ ಫೋಟೋ ಸಿಗಲ್ಲ.”

ಹೀಗೆಂದ ಕೊಟ್ರೇಶ್ ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋದ ಮಾಲೀಕ. ಸುಳ್ಳು ಹೇಳುವಾಗ ಅವನು ಕ್ಯಾಮೆರಾದ ಗಾಜು ಒರೆಸುತ್ತಾನೆ. ಬಂದ ಗಳಿಗೆಯಿಂದ ವಕೀಲೆ ನೀಲಾಂಬಿಕ ಅದನ್ನು ನೋಡುತ್ತಲೇ ಇದ್ದಳು. ಈಗ ಅವನು ಒರೆಸುತ್ತಿರಲಿಲ್ಲ. ಅಂದರೆ ಫೋಟೋ ಅಳಿಸಿಹೋಗಿದೆ ಎಂದು ಅವನು ಮನಸಾರೆ ನಂಬಿದ್ದ.

ಆದರೂ ನೀಲಾಂಬಿಕ ಕುರ್ಚಿ ಬಿಟ್ಟು ಏಳಲಿಲ್ಲ. ಸೋತು ಏಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ. ಶಿಕಾರಿಪುರದ ಕೋರ್ಟಿನಲ್ಲಿ ಕರಿ ಕೋಟು ತೊಟ್ಟು ನಿಂತ ಮೊದಲ ದಿನ ಅವಳನ್ನು ನೋಡಿ ನಕ್ಕವರಲ್ಲಿ ಅರ್ಧ ಜನ ಈಗ ಅವಳ ಕಕ್ಷಿದಾರರು.

ನಾಳೆ ಅದೇ ಕೋರ್ಟಿನಲ್ಲಿ ಕುರಿ ಕಾಯುವ ಕರಿಯಣ್ಣನ ಜಾಮೀನಿನ ವಿಚಾರಣೆ. ತೊಗರ್ಸಿ ಕಡೆಯ ಹೊಲದಲ್ಲಿ ಸತ್ತುಬಿದ್ದಿದ್ದ ಸಾಹುಕಾರ ಪರಮಶಿವಪ್ಪನವರನ್ನು ಮೊದಲು ಕಂಡು ಊರಿಗೆ ಸುದ್ದಿ ತಂದವನು ಕರಿಯಣ್ಣ. ಹೆಣದ ಕೊರಳಲ್ಲಿದ್ದ ಚಿನ್ನದ ಕರಡಿಗೆಯನ್ನು ಕದ್ದವನೂ ಅವನೇ ಎಂದು ತೀರಿಕೊಂಡವರ ತಮ್ಮ ನಾಗರಾಜ್ ದೂರು ಕೊಟ್ಟಿದ್ದ.

ಕರಡಿಗೆ ಎಂದರೆ ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಪುಟ್ಟ ಭರಣಿ. ದುಡ್ಡು ಕದ್ದವನನ್ನು ಜನ ಕಳ್ಳ ಎಂದು ಕರೆದು ನಾಲ್ಕು ದಿನಕ್ಕೆ ಮರೆಯುತ್ತಾರೆ. ಹೆಣದ ಮೇಲಿನ ಕರಡಿಗೆ ಕದ್ದವನನ್ನು ಮನುಷ್ಯ ಎಂದೇ ಕರೆಯುವುದಿಲ್ಲ. ಗೊಬ್ಬರಕ್ಕೆಂದು ಕರಿಯಣ್ಣನ ಮಂದೆಯನ್ನು ಕಾಡಿಬೇಡಿ ಹೊಲಕ್ಕೆ ಕರೆಸಿಕೊಳ್ಳುತ್ತಿದ್ದವರು ಈಗ ಅವನ ಕುರಿ ಬದುವಿನ ಮೇಲೆ ಬಂದರೂ ಕಲ್ಲು ಬೀರುತ್ತಿದ್ದರು.

ಅವನ ಹೆಂಡತಿ ಮಾಳಮ್ಮ ಸ್ಟುಡಿಯೋದ ಒಳಕೋಣೆಯಲ್ಲಿ ಮದುಮಕ್ಕಳಿಗೆಂದು ಹಾಕಿದ್ದ ಕೆಂಪು ಸೋಫಾದ ಮೇಲೆ ಕೂತಿದ್ದಳು. ಹೆಗಲಲ್ಲಿ ಕಂಬಳಿ, ಮಡಿಲಲ್ಲಿ ಎಲೆಅಡಿಕೆ ಚೀಲ, ಬೆನ್ನ ಹಿಂದೆ ಬಣ್ಣದ ಪರದೆಯ ತಾಜಮಹಲು.

“ಅದರ ಮ್ಯಾಲೆ ಕೂಡಬ್ಯಾಡಮ್ಮ,” ಎಂದ ಕೊಟ್ರೇಶ್. “ಮದುಮಕ್ಕಳು ಕೂಡೋದು ಅದು.”

“ನಾನೂ ಒಂದಿನ ಮದುಮಗಳಾಗಿದ್ನಪ್ಪ,” ಎಂದಳು ಮಾಳಮ್ಮ. “ಆ ಗಂಡನ್ನೇ ಬಿಡಿಸ್ಕೊಳಾಕೆ ಬಂದೀನಿ. ಕೆಲಸ ಆಗೋಗಂಟ ಏಳಾಕಿಲ್ಲ.”

ನೀಲಾಂಬಿಕಳಿಗೆ ಒಳಗೊಳಗೇ ನಗು ಬಂತು. ಇಂಥ ಕಕ್ಷಿದಾರಳಿದ್ದರೆ ವಕೀಲರಿಗೆ ಅರ್ಧ ಕೆಲಸ ಉಳಿಯಿತು.

ಇವತ್ತು ಬೆಳಿಗ್ಗೆ ಅವಳು ಸೊರಬ ತಾಲೂಕಿನ ಕುಪ್ಪಗಡ್ಡೆಗೆ ಹೋಗಿಬಂದಿದ್ದಳು. ಪರಮಶಿವಪ್ಪನವರ ಹೆಂಡತಿ ನಿರ್ಮಲಮ್ಮನ ತವರು ಅದು. ಮಣ್ಣು ಮುಗಿದ ಮೇಲೆ ಮೈದುನ ನಾಗರಾಜ್ ಆಕೆಯನ್ನು ಅಲ್ಲಿಗೆ ಬಿಟ್ಟುಬಂದಿದ್ದ. ಆಕೆ ಮಜ್ಜಿಗೆ ಕೊಟ್ಟು, ಎದುರಿಗೆ ಕೂತು, ಅಳದೆ ಹೇಳಿದ್ದಳು.

“ಮನೆಗೆ ತಂದು, ಮೈ ತೊಳೆದು, ಗೋಡೆಗೆ ಒರಗಿಸಿ ಕೂರಿಸಿದಾಗ ಕರಡಿಗೆ ಅವರ ಎದೆ ಮೇಲೇ ಇತ್ತು ಲಾಯರಮ್ಮ. ಹಾರ ಹಾಕೋಕೆ ಮುಂಚೆ ಕೊಟ್ರೇಶಿ ಒಂದು ಫೋಟೋ ತೆಗೆದ. ಆಮೇಲೆ ಮೈದುನನ ಕೈ ಅಲ್ಲಿಗೆ ಹೋಗಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ನಾಳೆ ಕೋರ್ಟಿಗೆ ಬಂದು ಹೇಳ್ತೀನಿ. ಹೆದರಿದ್ದು ಸಾಕು.”

ಹೆಣ ಮನೆಗೆ ಬರುವ ಹೊತ್ತಿಗೆ ಕರಿಯಣ್ಣ ತಾನು ಕಂಡದ್ದರ ಹೇಳಿಕೆ ಕೊಡಲು ಪೊಲೀಸ್ ಸ್ಟೇಷನ್ನಿನಲ್ಲಿ ಕೂತಿದ್ದ. ಆ ಒಂದು ಫೋಟೋ ಸಿಕ್ಕರೆ ದೂರಿನ ಬುಡವೇ ಕಳಚುತ್ತದೆ. ನಿರ್ಮಲಮ್ಮನ ಹೆಸರನ್ನು ನೀಲಾಂಬಿಕ ಇಲ್ಲಿ ಯಾರ ಮುಂದೆಯೂ ಎತ್ತಿರಲಿಲ್ಲ. ಸಾಕ್ಷಿಯನ್ನು ಮಡಿಲ ಕೆಂಡದ ಹಾಗೆ ಜೋಪಾನ ಮಾಡಬೇಕು.

“ಆ ಫೋಟೋದ ನೆಗೆಟಿವ್?”

“ನಾಗರಾಜಣ್ಣಾರು ಒಯ್ದು ಒಲೆಗೆ ಹಾಕ್ಯಾರೆ. ಕಾಪಿನೂ ಅಷ್ಟೆ. ಸತ್ತೋರ ಗಣಾರಾಧನೆಗೆ ದೊಡ್ಡ ಫೋಟೋ ಮಾಡ್ಬೇಕಂತ ರೀಲು ಪೂರಾ ಕಂಪ್ಯೂಟರಿಗೆ ಏರಿಸಿದ್ದೆ, ಅದೊಂದು ಉಳಿದಿತ್ತು. ಅದನ್ನೂ ನೆಪ್ಪು ಮಾಡ್ಕೊಂಡು ಬಂದು ಅಳಿಸಿ ಹೋದ್ರು. ಅವರು ಯಾವುದನ್ನೂ ಬಾಕಿ ಬಿಡೋ ಆಸಾಮಿ ಅಲ್ರೀ. ಮಗಳಿಗೆ ಗಂಡೇ ಗೊತ್ತಾಗಿಲ್ಲ, ಮದುವೆಗೆ ಶಾಮಿಯಾನ, ಅಡಿಗೆಯೋರು, ನನ್ನ ಕ್ಯಾಮೆರಾ ಎಲ್ಲಾ ಆಗಲೇ ಗೊತ್ತು ಮಾಡ್ಯಾರೆ.”

“ಕೂಸು ಹುಟ್ಟೋ ಮುಂಚೆ ಕುಲಾವಿ ಅನ್ನಿ.”

“ಹ್ಞೂಂ ನೋಡ್ರಿ, ಅದೇ ಜಾತಿ.”

“ಅಳಿಸಿದ್ದೀರಿ ಅಂದಮೇಲೆ ನಾನು ನೋಡಿದರೆ ನಿಮಗೇನೂ ನಷ್ಟ ಇಲ್ಲ. ತೋರಿಸಿ.”

ಮೂಲೆಯಲ್ಲಿ ಕಂಪ್ಯೂಟರ್ ಇತ್ತು. ಅದರ ಮುಂದೆ ಕೊಟ್ರೇಶನ ಹೆಂಡತಿ ವಾಣಿಶ್ರೀ. ಸೊರಬದ ಹುಡುಗಿ, ಮದುವೆಗೆ ಮುಂಚೆ ಶಿವಮೊಗ್ಗದಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳು. ಎರಡು ಸಾವಿರನೇ ಇಸವಿ ಹುಟ್ಟಿದ ದಿನವೇ ಈ ಯಂತ್ರ ನಿಂತುಹೋಗುತ್ತದಂತೆ ಎಂದು ಪೇಟೆಯವರು ಹೆದರಿಸಿದರೂ ಗಂಡನಿಗೆ ಇದನ್ನು ಕೊಳ್ಳಲು ಹಟ ಹಿಡಿದವಳು ಅವಳೇ. ಗಂಡ ಹೂಂ ಎಂದ ಮೇಲೆ ಮೌಸ್ ಹಿಡಿದು ಫೋಟೋ ಲೈಬ್ರರಿ ತೆರೆದಳು.

ತೆರೆಯ ತುಂಬ ಸಣ್ಣಸಣ್ಣ ಚಿತ್ರಗಳು ಸಾಲುಗಟ್ಟಿದವು. ಮದುವೆ, ಸೀಮಂತ, ನಾಮಕರಣ, ಅಂಗಡಿ ಪೂಜೆ. ಎಡಗಡೆ ಒಂದೊಂದು ಮನೆತನದ ಹೆಸರಿನಲ್ಲಿ ಒಂದೊಂದು ಆಲ್ಬಂ. ಪರಮಶಿವಪ್ಪನವರ ಮನೆಯ ಆಲ್ಬಂ ಬರಿದಾಗಿತ್ತು.

ನೀಲಾಂಬಿಕ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮತ್ತೊಮ್ಮೆ ನೋಡಿದಳು. ಎಲ್ಲರೂ ನಗುವವರೇ.

“ಕೊಟ್ರೇಶ್, ಈ ಊರಲ್ಲಿ ಯಾರೂ ಸಾಯೋದೇ ಇಲ್ವಾ?”

“ಏನಂದ್ರಿ?”

“ಹೆಣ ಕೂರಿಸಿದ ಕಡೆಯೆಲ್ಲ ನಿಮ್ಮ ಕ್ಯಾಮೆರಾ ಇರುತ್ತೆ. ಹೋದ ವರ್ಷ ನಮ್ಮ ಮಾವನವರು ತೀರಿಕೊಂಡಾಗ ಬಂದೋರೂ ನೀವೇ. ದೊಡ್ಡ ಫೋಟೋ ಇದೇ ಕಂಪ್ಯೂಟರಿನಲ್ಲಿ ಮಾಡಿಕೊಟ್ಟಿರಿ. ಅವರೆಲ್ಲಿ?”

ಕೊಟ್ರೇಶ್ ಕ್ಯಾಮೆರಾ ಎತ್ತಿಕೊಂಡು ಗಾಜು ಒರೆಸತೊಡಗಿದ. “ಜಾಗ ಸಾಲಲ್ಲಂತ ತೆಗೆದು ಹಾಕ್ತೀವ್ರೀ,” ಎಂದ. ಆಮೇಲೆ “ಟೀ ಹೇಳಿ ಬರ್ತೀನಿ” ಎಂದು ಬಾಗಿಲು ದಾಟಿದ. ಟೀ ಅಂಗಡಿ ಎಡಕ್ಕಿತ್ತು. ಅವನು ಬಲಕ್ಕೆ, ಎಸ್ಟಿಡಿ ಬೂತಿನ ಕಡೆಗೆ ನಡೆದದ್ದು ಗಾಜಿನ ಬಾಗಿಲಲ್ಲಿ ಚೆನ್ನಾಗಿಯೇ ಕಂಡಿತು.

“ನಾಗರಾಜಪ್ಪನೋರಿಗೆ ಫೋನ್ ಮಾಡೋಕೆ ಹೋದ್ರು,” ಎಂದಳು ವಾಣಿಶ್ರೀ. ಅಷ್ಟು ಹೊತ್ತು ಅವಳಿಗೆ ಬಾಯಿದೆಯೆಂದೇ ಅನ್ನಿಸಿರಲಿಲ್ಲ. “ಈ ಮಳಿಗೆ ಅವರದ್ದು, ಇವರೇನು ಮಾಡ್ತಾರೆ ಪಾಪ. ಮೇಡಂ, ಫೋಟೋ ಇದೆ.”

ಮಾಳಮ್ಮನ ಬಾಯಲ್ಲಿ ಎಲೆ ಅಗಿಯುವುದು ನಿಂತಿತು.

“ಅಳಿಸಿದ್ರು ಅಂದರಲ್ಲ?”

“ಆಲ್ಬಮ್ಮಿಂದ ಅಳಿಸಿದ್ರು. ಆಲ್ಬಂ ಅಂದ್ರೆ ಪೆಟ್ಟಿಗೆ ಅಲ್ಲ ಮೇಡಂ. ಫೋಟೋ ಇರೋದು ಒಂದೇ ಕಡೆ, ಲೈಬ್ರರಿಯಲ್ಲಿ. ಆಲ್ಬಂ ಊಟಕ್ಕೆ ಕರೆದ ಮನೆ ಇದ್ದ ಹಾಗೆ. ಒಬ್ಬನೇ ಮನುಷ್ಯನನ್ನ ಹತ್ತು ಮನೆಗೆ ಕರೀಬಹುದು. ಒಂದು ಮನೆಯವರು ಎಬ್ಬಿಸಿ ಕಳಿಸಿದ್ರೆ ಅವನೇನು ಸತ್ತುಹೋಗ್ತಾನಾ?”

“ತಿಳೀತು ಬಿಡವ್ವ,” ಎಂದಳು ಮಾಳಮ್ಮ. “ನಾವು ಕುರಿಗೆ ಗುರುತಿನ ಬಣ್ಣ ಹಚ್ಚಿದಂಗೆ. ಬಣ್ಣ ತೊಳೆದ್ರೆ ಕುರಿ ಮಂದೇಲೇ ಇರ್ತೈತೆ.”

“ಹಾಂ, ಹಾಗೇ. ಇವರು ಅಳಿಸು ಅಂದಾಗ ಕಂಪ್ಯೂಟರ್ ಕೇಳ್ತು, ‘ಈ ಆಲ್ಬಮ್ಮಿಂದ ತೆಗೀತೀನಿ, ಮೂಲ ಲೈಬ್ರರಿಯಲ್ಲೇ ಇರುತ್ತೆ, ಸರಿಯಾ’ ಅಂತ. ಇಂಗ್ಲಿಷಿನಲ್ಲಿ ಏನೇ ಕೇಳಿದ್ರೂ ಇವರು ಎಂಟರ್ ಒತ್ತಿಬಿಡ್ತಾರೆ. ನಾನು ಹಿಂದೆ ನಿಂತು ಓದಿದೆ.”

“ಹೇಳಲಿಲ್ವಾ?”

“ಯಾರೂ ಕೇಳಲಿಲ್ವಲ್ಲ. ಕೇಳೋರು ಬರಲಿ ಅಂತಿದ್ದೆ.”

“ಹಾಗಾದರೆ ಲೈಬ್ರರಿಯಲ್ಲಿ ಯಾಕೆ ಕಾಣ್ತಿಲ್ಲ?”

ವಾಣಿಶ್ರೀ ಸ್ವಲ್ಪ ನಾಚಿಕೊಂಡಳು. “ಮದುವೆ ಪಾರ್ಟಿಯವರು ಇಲ್ಲೇ ಕೂತು ಫೋಟೋ ಆರಿಸ್ತಾರೆ. ಒಂದ್ಸಲ ಹುಡುಗಿಯ ಫೋಟೋ ಪಕ್ಕಕ್ಕೇ ಹೆಣ ಬಂದುಬಿಡ್ತು. ಹುಡುಗಿಯ ಅಜ್ಜಿ ರಂಪ ಮಾಡಿ, ಮದುವೆಯೇ ಮುರಿಯೋ ಹಾಗಾಯ್ತು. ಆವತ್ತಿಂದ ಪದ್ಧತಿ ಮಾಡಿದ್ದೀವಿ. ಹೆಣದ ಫೋಟೋ, ಹಾರ ಹಾಕಿದ ಫೋಟೋ, ಎಲ್ಲಾ ಬಂದ ಕೂಡಲೇ ಮರೆಗೆ ಸರಿಸೋದು. ಅಳಿಸಿದ ಹಾಗಲ್ಲ. ಇದ್ದಲ್ಲೇ ಇರುತ್ತೆ, ಕಾಣಲ್ಲ ಅಷ್ಟೆ. ಆವತ್ತು ಅಳಿಸೋಕೆ ಅಂತ ತೆಗೆದಿದ್ದ ಮರೆಯನ್ನ ನಾಗರಾಜಪ್ಪನೋರು ಎದ್ದ ಕೂಡಲೇ ನಾನೇ ಪುನಃ ಹಾಕಿದೆ. ಹೋಗೋ ಮುಂಚೆ ಇನ್ನೊಮ್ಮೆ ಬಗ್ಗಿ ನೋಡಿದ್ರು. ಇಲ್ಲ ಅಂತ ನಂಬಿ ಹೋದ್ರು.”

ಅವಳು ಮೇಲಿನ ಪಟ್ಟಿಯಲ್ಲಿ ‘ಶೋ ಹಿಡನ್’ ಎಂಬಲ್ಲಿ ಒಂದು ಗುರುತು ಹಾಕಿದಳು.

ತೆರೆ ಒಮ್ಮೆ ಮಿನುಗಿತು. ಮದುಮಕ್ಕಳ ನಡುವೆ, ತೊಟ್ಟಿಲ ಕೂಸುಗಳ ನಡುವೆ, ಊರಿನ ಸತ್ತವರೆಲ್ಲ ಬಂದು ಕೂತರು. ಹಣೆ ತುಂಬ ವಿಭೂತಿ ಬಳಿದುಕೊಂಡ ಮುದುಕರು, ಬಾಯಿಗೆ ಬಟ್ಟೆ ಕಟ್ಟಿದ ಅಜ್ಜಿಯರು. ನೀಲಾಂಬಿಕಳ ಮಾವನವರೂ ಇದ್ದರು. ಓದಲು ಕಳಿಸಬೇಡಿ ಎಂದು ಮನೆಯವರೆಲ್ಲ ಕೂಗಾಡಿದಾಗ ಸೊಸೆಗೆ ಲಾ ಕಾಲೇಜಿನ ಫೀಸು ಕಟ್ಟಿದವರು. ಅವಳು ಅವರಿಗೆ ಕೈಮುಗಿದಳು. ಆಮೇಲೆ ಮುಂದೆ ನೋಡಿದಳು.

ಅದರ ಕೆಳಗಿನ ಸಾಲಿನಲ್ಲಿ ಪರಮಶಿವಪ್ಪನವರಿದ್ದರು. ಬಿಳಿ ಗೋಡೆಗೆ ಒರಗಿದ್ದರು, ಇನ್ನೂ ಹಾರ ಬಿದ್ದಿರಲಿಲ್ಲ. ಬಲಗಡೆ ತಲೆಯ ಮೇಲೆ ಸೆರಗು ಹೊದ್ದ ನಿರ್ಮಲಮ್ಮ, ಎಡಗಡೆ ನಾಗರಾಜ್. ತೀರಿಕೊಂಡವರ ಎದೆಯ ನಟ್ಟನಡುವೆ ಫ್ಲ್ಯಾಶಿನ ಬೆಳಕಿಗೆ ಚಿನ್ನದ ಕರಡಿಗೆ ಹೊಳೆಯುತ್ತಿತ್ತು.

ಆಗ ಮಾತ್ರ ಮಾಳಮ್ಮ ಸೋಫಾ ಬಿಟ್ಟು ಎದ್ದಳು. ತೆರೆಯ ಹತ್ತಿರ ಬಂದು, ಬೆರಳನ್ನು ಕರಡಿಗೆಯ ಮೇಲೆ ಇಟ್ಟು ನಿಂತಳು. “ನನ್ನ ಗಂಡ ಮುಟ್ಟಿಲ್ಲ,” ಎಂದಳು. “ಮುಟ್ಟಿಲ್ಲಂತ ನಂಗೆ ಗೊತ್ತಿತ್ತು. ಈಗ ಊರಿಗೂ ಗೊತ್ತಾಗ್ಲಿ.” ಕಣ್ಣೀರನ್ನು ಕಂಬಳಿಯಲ್ಲಿ ಒರೆಸಿಕೊಂಡು ಮತ್ತೆ ಹೋಗಿ ಸೋಫಾದ ಮೇಲೆಯೇ ಕೂತಳು.

ವಾಣಿಶ್ರೀ ಆ ಫೋಟೋವನ್ನು ಒಂದು ಫ್ಲಾಪಿಗೆ ಇಳಿಸಿ ಕೊಟ್ಟಳು. ನೀಲಾಂಬಿಕ ಅದನ್ನು ತನ್ನ ಬ್ಯಾಗಿಗೆ ಹಾಕದೆ ಮಾಳಮ್ಮನ ಕೈಗಿತ್ತಳು. ವಕೀಲರ ಬ್ಯಾಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಎಲೆಅಡಿಕೆ ಚೀಲಕ್ಕೆ ಕೈ ಹಾಕುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

“ಸುಣ್ಣದ ಡಬ್ಬಿಗೆ ತಾಗಿಸಬೇಡ ಮಾಳಮ್ಮ.”

“ಗಂಡನ ಜೀವ ಇದ್ದಂಗೆ ಇಟ್ಕಂತೀನಿ ಅಕ್ಕಾರೆ.”

ಹೊರಗೆ ಜೀಪು ನಿಂತ ಸದ್ದಾಯಿತು.

ನಾಗರಾಜ್ ಒಳಗೆ ಬಂದ. ಬಿಳಿ ಷರಟು, ಬಿಳಿ ಪಂಚೆ, ಹಣೆಗೆ ಅಚ್ಚುಕಟ್ಟಾದ ವಿಭೂತಿ. ಹಿಂದೆಯೇ ಕೊಟ್ರೇಶ್, ಕೈಯಲ್ಲಿ ಟೀ ಇಲ್ಲ. ತೆರೆಯ ಮೇಲಿನ ಅಣ್ಣನನ್ನು ಕಂಡು ನಾಗರಾಜ್ ಒಂದು ಗಳಿಗೆ ತಡೆದು ನಿಂತ. ಅಷ್ಟೇ.

“ಕೊಟ್ರೇಶಿ, ಈ ಮಳಿಗೆ ಯಾರದ್ದೋ?”

“ನಿಮ್ದೇ ಅಣ್ಣಾರೆ.”

“ಹಂಗಾರೆ ಅಳಿಸು ಅದನ್ನ.”

ಕೊಟ್ರೇಶ್ ಮುಂದೆ ಬಂದ. ವಾಣಿಶ್ರೀ ಕುರ್ಚಿ ಬಿಡಲಿಲ್ಲ. “ಯಾವ ಆಲ್ಬಮ್ಮಿಂದ ಅಳಿಸ್ಲಿ ಅಣ್ಣಾರೆ?” ಎಂದು ಕೇಳಿದಳು. ಗಂಡ ಕಣ್ಣು ಬಿಟ್ಟ. ಅವಳು ಅವನತ್ತ ತಿರುಗಲೂ ಇಲ್ಲ.

ನಾಗರಾಜ್ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಆರಿಸಿದ. ತೆರೆ ಕಪ್ಪಾಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು.

“ದೀಪ ಆರಿಸಿದ್ರೆ ಮನೇಲಿದ್ದೋರು ಸಾಯಲ್ಲ ನಾಗರಾಜಪ್ಪನೋರೆ,” ಎಂದಳು ನೀಲಾಂಬಿಕ. “ಒಲೆಗೆ ಹಾಕಿ ನೋಡಿದಿರಿ, ಅಳಿಸಿ ನೋಡಿದಿರಿ, ಈಗ ಕರೆಂಟು ತೆಗೆದಿರಿ. ನಿಮ್ಮ ಅಣ್ಣ ಮಾತ್ರ ಅಲ್ಲೇ ಕೂತಿದ್ದಾರೆ.”

ಅವನು ಅವಳನ್ನೇ ನೋಡಿದ. ಆಮೇಲೆ ಸಮಾಧಾನವಾಗಿ ಸ್ಟೂಲು ಎಳೆದುಕೊಂಡು ಕೂತ.

“ನೋಡ್ರಿ ಮೇಡಂ, ನಾವು ನೀವು ಒಂದೇ ಮಠದ ಭಕ್ತರು. ಮನೆ ಮಾತು ಬೀದಿಗ್ಯಾಕೆ? ಮನೇಲೇ ಎಲ್ಲೋ ಐತೆ, ಸಿಕ್ತು ಅಂತ ಬರ್ಕೊಟ್ಟು ದೂರು ವಾಪಸ್ ತಗಂತೀನಿ. ಅವನು ಹೊರಗೆ ಬರ್ತಾನೆ. ಸಾಕಲ್ಲ?”

ನೀಲಾಂಬಿಕ ಬಾಯಿ ತೆರೆಯುವ ಮೊದಲೇ ಸೋಫಾದಿಂದ ಉತ್ತರ ಬಂತು.

“ಸಾಲಾಕಿಲ್ಲ.”

“ಏನಂದಿ?”

“ಸಾಲಾಕಿಲ್ಲ ಅಂದೆ ಸಾಹುಕಾರ್ರೆ. ಹೆಣದ ಮೈಮೇಲಿಂದ ಕದ್ದ ಅಂತ ಊರ ಮುಂದೆ ಅಂದ್ರಿ. ಕದ್ದಿಲ್ಲ ಅಂತ ಊರ ಮುಂದೇನೇ ಅನ್ನಿ. ನನ್ನ ಗಂಡ ಹಿತ್ತಲ ಬಾಗಿಲಿಂದ ಹೊರಗೆ ಬರಾನಲ್ಲ.”

ನಾಗರಾಜನ ಮುಖ ಮೊದಲ ಸಲ ಕೆಂಪಾಯಿತು. ಆದರೆ ದನಿ ಏರಲಿಲ್ಲ. ಏರಿದ್ದರೆ ನೀಲಾಂಬಿಕಳಿಗೆ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲ.

“ಆತು. ಕೋರ್ಟಿಗೇ ತಗಂಡ್ಹೋಗ್ರಿ. ಇದು ಕಂಪ್ಯೂಟರ್ ಫೋಟೋ. ಇಲ್ಲಿ ಮಾಳಮ್ಮನ್ನ ತಾಜಮಹಲ್ ಮುಂದೆ ಕೂರಿಸ್ತಾರೆ, ಸತ್ತೋರಿಗೆ ಕೈಲಾಸ ತೋರಿಸ್ತಾರೆ. ಅಣ್ಣನ ಎದೆ ಮ್ಯಾಲೆ ಕರಡಿಗೆ ಅಂಟಿಸಾಕೆ ಎಷ್ಟೊತ್ತು? ನೆಗೆಟಿವ್ ಎಲ್ಲೈತೆ ಅಂತ ಕೇಳ್ತಾರೆ. ಕಣ್ಣಾರೆ ಕಂಡೋರು ಯಾರು ಅಂತ ಕೇಳ್ತಾರೆ. ಅಲ್ಲಿದ್ದೋರು ನಾನು, ಈ ಕೊಟ್ರೇಶಿ, ನಮ್ಮ ಅತ್ತಿಗೆ.”

ಅವನು ಹೇಳಿದ್ದರಲ್ಲಿ ನಿಜವಿತ್ತು. ಫೋಟೋ ಒಂದರಿಂದಲೇ ಕೆಲಸವಾಗುವುದಿಲ್ಲ. ಅದರ ಪಕ್ಕದಲ್ಲಿ ನಿಂತು ಹೌದೆನ್ನುವ ಬಾಯಿ ಬೇಕು. ಆ ಬಾಯಿ ಕುಪ್ಪಗಡ್ಡೆಯಲ್ಲಿದೆ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

“ಅತ್ತಿಗೇನ ಕರ್ಕಂಬರಾಕೆ ಈಗ ನಾನೇ ಹೊಂಟೀನಿ,” ಎಂದು ಅವನು ಎದ್ದ. “ಮನೆ ಹೆಣ್ಮಗಳು ತವರಲ್ಲಿ ಎಷ್ಟು ದಿನ ಇರಾದು?”

ಹೆದರಿಸಿ ಬಾಯಿ ಮುಚ್ಚಿಸಬಹುದೆಂದು ಹೊರಟಿದ್ದಾನೆ ಎಂದುಕೊಂಡಳು ನೀಲಾಂಬಿಕ. ಬೆಳಿಗ್ಗೆ ಕಂಡ ಆ ಮುಖ ಹೆದರುವ ಮುಖವಲ್ಲ. ಅವಳಿಗೆ ಜಂಬವೇ ಬಂತು.

“ಧಾರಾಳವಾಗಿ ಕರ್ಕೊಂಡು ಬನ್ನಿ. ನನ್ನ ಸಾಕ್ಷೀನ ನೀವೇ ಜೀಪಿನಲ್ಲಿ ತಂದು ಬಿಟ್ಟರೆ ನನಗೂ ಬಸ್ ಛಾರ್ಜು ಉಳೀತು.”

ನಾಗರಾಜ್ ನಕ್ಕ. ಬಾಗಿಲಲ್ಲಿ ತಿರುಗಿ, “ಕೊಟ್ರೇಶಿ, ನಾನು ಹೇಳಿದ್ದ ಫ್ರೇಮು ಬೆಳಿಗ್ಗೆ ಹೊತ್ತಿಗೆ ತಯಾರಿರ್ಲಿ” ಎಂದ. ಜೀಪು ಸೊರಬದ ರಸ್ತೆಗೆ ತಿರುಗಿತು.

ವಾಣಿಶ್ರೀ ಎದ್ದು ಸ್ವಿಚ್ ಹಾಕಿದಳು. ಫ್ಯಾನು ತಿರುಗಿತು, ಕಂಪ್ಯೂಟರ್ ಗುರ್ ಎಂದು ಎಚ್ಚರವಾಯಿತು. ಗೆದ್ದ ಖುಷಿಯಲ್ಲಿ ನೀಲಾಂಬಿಕ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಆಗ ಅವಳ ಕಣ್ಣು ಕೊಟ್ರೇಶನ ಕೈಯ ಮೇಲೆ ಬಿತ್ತು.

ಅವನು ಕ್ಯಾಮೆರಾದ ಗಾಜು ಒರೆಸುತ್ತಿದ್ದ. ಯಾರೂ ಏನೂ ಕೇಳಿರಲಿಲ್ಲ. ಆದರೂ ಒರೆಸುತ್ತಲೇ ಇದ್ದ.

“ಏನದು ಕೊಟ್ರೇಶ್?”

“ಏನಿಲ್ರಿ.” ಗಾಜಿನಿಂದ ಕಣ್ಣೆತ್ತದೆ ಕೇಳಿದ. “ಮೇಡಂ, ನಿರ್ಮಲಮ್ಮಾರು... ಅವರು ಅದಾರೇನ್ರಿ?”

“ಇವತ್ತು ಬೆಳಿಗ್ಗೆ ಅವರ ಕೈಯಾರೆ ಮಜ್ಜಿಗೆ ಕುಡಿದು ಬಂದಿದ್ದೀನಿ. ಯಾಕೆ?”

ಕೊಟ್ರೇಶ್ ತೆರೆಯ ಕಡೆ ಕೈ ತೋರಿಸಿದ.

ಲೈಬ್ರರಿ ಮತ್ತೆ ತೆರೆದುಕೊಂಡಿತ್ತು. ವಾಣಿಶ್ರೀ ಹಾಕಿದ್ದ ಗುರುತು ಹಾಗೇ ಇತ್ತು, ಸತ್ತವರೆಲ್ಲ ಹಾಗೇ ಕೂತಿದ್ದರು. ಅವಳು ಕೆಳಗೆ ಸರಿಸುತ್ತ ಹೋದಳು. ಪರಮಶಿವಪ್ಪನವರು ದಾಟಿದರು. ಮತ್ತೆ ಯಾರೋ ಇಬ್ಬರು ಅಜ್ಜಂದಿರು. ಎಲ್ಲಕ್ಕಿಂತ ಕೊನೆಗೆ, ಹೊಸದಾಗಿ ಬಂದ ಚಿತ್ರವೊಂದಿತ್ತು.

ಇದು ಹೆಣದ ಫೋಟೋ ಅಲ್ಲ. ಯಾವುದೋ ಮದುವೆಯಲ್ಲಿ ತೆಗೆದ ಮುಖವನ್ನು ಕತ್ತರಿಸಿ ನೀಲಿ ಬಣ್ಣದ ಮೇಲೆ ಇಟ್ಟಿದ್ದರು. ಎರಡು ಕಡೆ ದೀಪ. ಕೊರಳಿಗೆ ಗಂಧದ ಹಾರ.

“ಇದನ್ನ ಯಾರು ಮರೆ ಮಾಡಿದ್ದು?”

“ನಾನೇ,” ಎಂದಳು ವಾಣಿಶ್ರೀ. “ಇವರು ಮಾಡಿಟ್ಟಿದ್ರು. ಹಾರ ಕಂಡಿದ್ದೇ ಮರೆಗೆ ಸರಿಸಿದೆ. ಮುಖ ನೋಡಲಿಲ್ಲ ಮೇಡಂ.”

“ಹೋದ ಸಂತೆ ದಿನ ನಾಗರಾಜಣ್ಣಾರು ಫೋಟೋ ಕೊಟ್ಟೋದ್ರು,” ಎಂದ ಕೊಟ್ರೇಶ್. “ಸೊರಬದ ಕಡೆ ತೀರ್ಕಂಡಾರೆ ಅಂದ್ಕಂಡೆ. ಗಂಡನ ಕೊರಗಲ್ಲಿ ಹೋದ್ರೇನೋ ಅಂತ. ಸಾವಿನ ಮನೆಯೋರನ್ನ ಹೆಂಗ್ ಕೇಳಾದ್ರಿ? ಹಾರ ಹಾಕು ಅಂದ್ರು, ಹಾಕಿದೆ.”

ನೀಲಾಂಬಿಕ ತೆರೆಗೆ ಬಾಗಿದಳು. ನಿರ್ಮಲಮ್ಮ ಹಾರದೊಳಗಿಂದ ಅವಳನ್ನೇ ನೋಡುತ್ತಿದ್ದಳು. ಕೆಳಗೆ ಬಿಳಿ ಅಕ್ಷರದಲ್ಲಿ ‘ಲಿಂಗೈಕ್ಯ ಶರಣೆ ನಿರ್ಮಲಮ್ಮ’ ಎಂದಿತ್ತು. ಅದರ ಕೆಳಗೆ ‘ಲಿಂಗೈಕ್ಯರಾದ ದಿನಾಂಕ’ ಎಂದಿತ್ತು. ಮುಂದೆ ಖಾಲಿ ಜಾಗ.

ಬಸ್ ಛಾರ್ಜಿನ ತಮಾಷೆ ಅವಳ ಎದೆಗೆ ಬಂದು ಬಡಿಯಿತು.

“ದಿನಾಂಕ ಯಾಕೆ ಹಾಕಿಲ್ಲ?”

ಕೊಟ್ರೇಶ್ ಕ್ಯಾಮೆರಾ ಕೆಳಗಿಟ್ಟ.

“ಅದನ್ನ ಆಮೇಲೆ ಹೇಳ್ತೀನಿ, ಜಾಗ ಬಿಟ್ಟಿರು ಅಂದಿದ್ರು.”